ಹೊಗಳಿಕೆಗೆ ಕರಗದ ಅನುಮಾನ



ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಮನೆಗೆ ನಾಲ್ಕು ಜನ ಬಂದು ಸಮಾಧಾನ ಹೇಳಿ ಹೋಗುತ್ತಾರೆ. ರ‍್ಯಾಂಕ್ ಬಂದ ಹುಡುಗಿ ಹಾಸ್ಟೆಲಿನ ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು, ಸದ್ದು ಹೊರಗೆ ಕೇಳದಂತೆ ಅಳುತ್ತಿದ್ದರೆ ಅವಳ ಹತ್ತಿರ ಯಾರೂ ಹೋಗುವುದಿಲ್ಲ. ಅವಳಿಗೇನು ಕಡಿಮೆ ಎಂದುಕೊಳ್ಳುತ್ತೇವೆ. ಅವಳೂ ಬಾಯಿ ಬಿಡುವುದಿಲ್ಲ, ಬಿಟ್ಟರೆ ಗುಟ್ಟು ರಟ್ಟಾಗುತ್ತದಲ್ಲ! ತನಗೆ ನಿಜವಾಗಿ ಏನೂ ಬರುವುದಿಲ್ಲ, ಇಷ್ಟು ದಿನ ಎಲ್ಲರ ಕಣ್ಣಿಗೆ ಮಣ್ಣೆರಚಿಕೊಂಡು ಬಂದಿದ್ದೇನೆ, ಇವತ್ತಲ್ಲ ನಾಳೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಇದು ಅವಳು ಬಚ್ಚಿಟ್ಟುಕೊಂಡ ಗುಟ್ಟು.

ಇದಕ್ಕೆ ಇಂಪೋಸ್ಟರ್ ಸಿಂಡ್ರೋಮ್ ಎಂಬ ಹೆಸರು ಈಗ ಪತ್ರಿಕೆಗಳಲ್ಲಿ, ಮೊಬೈಲಿನಲ್ಲಿ ಓಡಾಡುತ್ತಿದೆ. ಹೆಸರು ಕೇಳಿದರೆ ಏನೋ ಕಾಯಿಲೆ ಎನಿಸೀತು. ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಾಗಲಿ, ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಾಗಲಿ ಇದರ ನಮೂದು ಇಲ್ಲ. 1978ರಲ್ಲಿ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದನ್ನು ಮೊದಲು ವಿವರವಾಗಿ ಬರೆದರು. ಅವರು 150ಕ್ಕೂ ಹೆಚ್ಚು ಹೆಂಗಸರ ಮಾತು ಕೇಳಿದ್ದರು. ಪಿಎಚ್.ಡಿ. ಮುಗಿಸಿದವರು, ವೃತ್ತಿಯಲ್ಲಿ ಹೆಸರು ಮಾಡಿದವರು, ತರಗತಿಗೆ ಮೊದಲಿಗರಾದ ವಿದ್ಯಾರ್ಥಿನಿಯರು ಅವರಲ್ಲಿದ್ದರು. ಎಲ್ಲರ ಒಳಗೂ ಇದೇ ಗುಟ್ಟು ಇತ್ತು. ಕ್ಲಾನ್ಸ್ ಅವರೇ ಅಪಲೇಶಿಯನ್ ಬೆಟ್ಟಸೀಮೆಯಲ್ಲಿ ಬೆಳೆದು ದೊಡ್ಡ ಓದಿಗೆ ಹೋದವರು. ಒಂದೊಂದು ಪರೀಕ್ಷೆ ಬರೆದಾಗಲೂ ಈ ಸಲ ಸಿಕ್ಕಿಬೀಳುತ್ತೇನೆ ಎಂದು ನಡುಗಿದವರು. ಇದು ಹೆಂಗಸರಲ್ಲೇ ಹೆಚ್ಚು ಎಂದು ಆಗ ಅವರಿಗೆ ಅನಿಸಿತ್ತು. ಗಂಡಸರಲ್ಲೂ ಇದೆ ಎಂಬುದು ಬಳಿಕದ ಅಧ್ಯಯನಗಳಿಂದ ಗೊತ್ತಾಯಿತು.

ಇವತ್ತಿನ ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳುತ್ತೇನೆ. ಇದು ಯಾರೋ ಒಬ್ಬರ ಕಥೆಯಲ್ಲ. ಸಮಾಲೋಚನೆಯ ಕೋಣೆಯಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದು. ಹಾಗಾಗಿ ಹಲವರ ಅನುಭವಗಳನ್ನು ಕೂಡಿಸಿ, ಊರು ಕೇರಿ ಬದಲಿಸಿ ಹೇಳುತ್ತಿದ್ದೇನೆ. ಕೊಪ್ಪಳದ ಕಡೆಯ ಒಂದು ಹಳ್ಳಿಯ ಹೆಣ್ಣುಮಗಳು ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಕನ್ನಡ ಶಾಲೆ. ಪಿ.ಯು.ಸಿ.ಯಲ್ಲಿ ವಿಜ್ಞಾನ, ಅಲ್ಲಿಂದ ಎಂ.ಬಿ.ಬಿ.ಎಸ್., ಈಗ ಒಂದು ವೈದ್ಯಕೀಯ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ವಿಭಾಗದ ಪಿ.ಜಿ. ವಿದ್ಯಾರ್ಥಿನಿ. ನಿದ್ದೆ ಬರುವುದಿಲ್ಲ, ಬೆಳಗಿನ ರೌಂಡ್ಸ್ ಹೊತ್ತಿಗೆ ಕೈ ಬೆವರುತ್ತದೆ ಎಂದು ಬಂದವಳು. ಕೆಲಸದ ಬಗ್ಗೆ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಹೇಳುತ್ತಿದ್ದಳು. ಭಯದ ಮಾತು ಬಂದಾಗ ಊರ ಕನ್ನಡ ತಾನಾಗಿ ಬಂತು: ‘ನನಗೇನೂ ಬರೂದಿಲ್ರಿ, ಮೇಡಂ. ಎಲ್ಲಾರಿಗೂ ಒಂದಿನ ಗೊತ್ತಾಗ್ತದ. ಅವತ್ತು ಅಪ್ಪನ ಮುಖ ಹ್ಯಾಂಗ ನೋಡಲಿ?’

ಇಂಥವರಿಗೆ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ? ‘ಛೇ, ನೀನು ಎಷ್ಟು ಜಾಣೆ, ಇಲ್ಲದಿದ್ದರೆ ಪಿ.ಜಿ. ಸೀಟು ಸಿಗುತ್ತಿತ್ತೇ’ ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ, ಆದರೂ ಅದು ನಾಟುವುದಿಲ್ಲ. ಹೊಗಳಿದವರು ಮೋಸ ಹೋಗಿದ್ದಾರೆ ಎಂಬುದೇ ಅವಳ ನಂಬಿಕೆ. ನೀವು ಹೊಗಳಿದಷ್ಟೂ ಮೋಸ ಹೋದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ, ಸಿಕ್ಕಿಬೀಳುವ ಭಯ ಅಷ್ಟೇ ಹೆಚ್ಚುತ್ತದೆ. ಗೆಲುವಿನಿಂದಲೂ ಇದು ವಾಸಿಯಾಗುವುದಿಲ್ಲ. ಇನ್ನೊಂದು ಪದವಿ, ಇನ್ನೊಂದು ಬಡ್ತಿ ಸಿಕ್ಕರೆ ಸರಿಹೋಗುತ್ತದೆ ಎಂದು ಹತ್ತಾರು ವರ್ಷ ಕಾದವರಿದ್ದಾರೆ. ಬ್ಯಾಂಕಿನಲ್ಲಿ ಹೊಸದಾಗಿ ಮ್ಯಾನೇಜರ್ ಆದವರು, ಮನೆತನದಲ್ಲೇ ಮೊದಲು ಉಪನ್ಯಾಸಕರಾದವರು, ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯ ಕುರ್ಚಿಯಲ್ಲಿ ಮೊದಲ ಸಲ ಕೂತ ಹೆಣ್ಣುಮಕ್ಕಳು ಇವರೆಲ್ಲರ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ. ಕುರ್ಚಿ ಎತ್ತರವಾದಷ್ಟೂ ಬೀಳುವ ಹೆದರಿಕೆ ಹೆಚ್ಚು.

ಗೆಲುವು ಯಾಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಥೆರಪಿಯ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಹುಡುಗಿಗೆ ಶುಕ್ರವಾರ ಸೆಮಿನಾರ್ ಇದೆ ಎನ್ನಿ. ಸೋಮವಾರದಿಂದಲೇ ಎದೆ ಡವಡವ. ಜೊತೆಯವರು ಎರಡು ಗಂಟೆ ಓದುವ ವಿಷಯವನ್ನು ಇವಳು ನಾಲ್ಕು ರಾತ್ರಿ ಓದುತ್ತಾಳೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ, ಹೆದರಿಕೆಗೆ ಪುಸ್ತಕವನ್ನೇ ಮುಟ್ಟದೆ ಗುರುವಾರ ರಾತ್ರಿ ಹನ್ನೊಂದಕ್ಕೆ ಕೂರುತ್ತಾರೆ. ಶುಕ್ರವಾರ ಸೆಮಿನಾರ್ ಚೆನ್ನಾಗಿಯೇ ಆಗುತ್ತದೆ. ಸಂಜೆವರೆಗೆ ಹಗುರ. ಆಮೇಲೆ ಲೆಕ್ಕ ಹಾಕುವ ಹೊತ್ತು. ನಾಲ್ಕು ರಾತ್ರಿ ಓದಿದವಳು ‘ಅಷ್ಟು ಕಷ್ಟಪಟ್ಟೆ, ಅದಕ್ಕೇ ಆಯಿತು, ಜಾಣರಾದವರಿಗೆ ಇಷ್ಟು ಓದಬೇಕಿಲ್ಲ’ ಎನ್ನುತ್ತಾಳೆ. ಕೊನೆಗಳಿಗೆಯಲ್ಲಿ ಓದಿದವನು ‘ಅದೃಷ್ಟ, ಓದಿದ್ದೇ ಕೇಳಿದರು’ ಎನ್ನುತ್ತಾನೆ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಖರ್ಚನ್ನೆಲ್ಲ ನಮ್ಮ ಹೆಸರಿಗೆ ಬರೆದು, ಜಮಾ ಬಂದದ್ದನ್ನೆಲ್ಲ ಪಕ್ಕದ ಅಂಗಡಿಯವನ ಹೆಸರಿಗೆ ಬರೆದಿಟ್ಟರೆ ಎಷ್ಟು ವ್ಯಾಪಾರವಾದರೂ ನಾವು ದಿವಾಳಿಯೇ. ತಪ್ಪಾದರೆ ಅದು ನನ್ನ ಯೋಗ್ಯತೆ, ಸರಿಯಾದರೆ ಅದು ಅದೃಷ್ಟ, ಸುಲಭ ಪ್ರಶ್ನೆ, ಮೇಷ್ಟ್ರ ಕರುಣೆ. ಕ್ಲಾನ್ಸ್ ಈ ಸುತ್ತನ್ನು 1985ರ ತಮ್ಮ ಪುಸ್ತಕದಲ್ಲಿ ಬಿಡಿಸಿ ತೋರಿಸಿದರು. ಪ್ರತಿ ಗೆಲುವೂ ಅನುಮಾನವನ್ನು ಸಾಕುತ್ತಲೇ ಹೋಗುತ್ತದೆ.

ಥೆರಪಿಯಲ್ಲಿ ಬದಲಾಯಿಸುವುದು ಈ ಲೆಕ್ಕ ಬರೆಯುವ ಕ್ರಮವನ್ನು. ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಪದ್ಧತಿ. ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಎಳೆದಾಡುತ್ತವೆ ಎಂಬುದು ಅದರ ಮೂಲ ಗ್ರಹಿಕೆ. 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಆ್ಯರನ್ ಬೆಕ್ ಇದರ ಬುನಾದಿ ಹಾಕಿದರು. ತಾನಾಗಿ ಮಿಂಚಿ ಹೋಗುವ, ನಾವು ಪರೀಕ್ಷಿಸದೆ ನಂಬಿಬಿಡುವ ಯೋಚನೆಗಳನ್ನು ಹಿಡಿದು ನಿಲ್ಲಿಸಿ ನೋಡಬೇಕು ಎಂದರು. ಕೇಳುವುದಕ್ಕೆ ಸುಲಭ. ಒಂದು ದಿನದ ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ.

ಒಂದು ಹಾಳೆ, ಅದರಲ್ಲಿ ಗೆರೆ ಎಳೆದು ಮಾಡಿದ ಕಾಲಮುಗಳು. ಏನಾಯಿತು, ಆಗ ತಲೆಯಲ್ಲಿ ಏನು ಓಡಿತು, ಅದನ್ನು ಎಷ್ಟು ನಂಬಿದೆ, ಅದಕ್ಕೆ ಆಧಾರವೇನು, ಅದಕ್ಕೆ ಹೊಂದದ ಸಂಗತಿ ಏನಾದರೂ ಇದೆಯೇ. ಅವಳು ಬರೆದುಕೊಂಡು ಬಂದಿದ್ದಳು: ಬೆಳಗಿನ ರೌಂಡ್ಸಿನಲ್ಲಿ ಯೂನಿಟ್ ಚೀಫ್ ಒಬ್ಬ ವಯಸ್ಸಾದ ರೋಗಿಯ ಬಗ್ಗೆ ಕೇಳಿದರು. ರಾತ್ರಿ ದಾಖಲಾದ ಮನುಷ್ಯ, ಮಾತು ತೊದಲು, ಗೊಂದಲ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಇಳಿದಿತ್ತು. ಯಾಕೆ ಇಳಿಯಿತು? ಬಿ.ಪಿ.ಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಿಂದ ಎಂದು ಅವಳು ಹೇಳಿದಳು. ಸರಿಯಾದ ಉತ್ತರ. ಚೀಫ್ ‘ಗುಡ್’ ಎಂದು ಮುಂದೆ ಹೋದರು. ತಲೆಯಲ್ಲಿ ಓಡಿದ್ದು: ‘ಪುಣ್ಯಕ್ಕೆ ಗೊತ್ತಿತ್ತು, ಅದೃಷ್ಟ.’ ನಂಬಿಕೆ, ನೂರಕ್ಕೆ ತೊಂಬತ್ತು. ಆಧಾರದ ಕಾಲಮು ತುಂಬಿತ್ತು. ಹೊಂದದ ಸಂಗತಿಯ ಕಾಲಮು ಖಾಲಿ.

ಇಲ್ಲಿ ಥೆರಪಿಸ್ಟ್ ‘ನೀವು ಜಾಣರು’ ಎನ್ನುವುದಿಲ್ಲ. ಸುಮ್ಮನೆ ಕೇಳುತ್ತಾ ಹೋಗುತ್ತಾರೆ. ಆ ಮನುಷ್ಯ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದು ನಿಮಗೆ ಹೇಗೆ ಗೊತ್ತಾಯಿತು? ಕೇಸ್ ಶೀಟಿನಲ್ಲಿ ಇತ್ತೇ? ಇರಲಿಲ್ಲ. ಮತ್ತೆ? ರೋಗಿಯ ಹೆಂಡತಿಯನ್ನು ಕೇಳಿದೆ. ಏನಂತ ಕೇಳಿದಿರಿ? ‘ಅಮ್ಮಾ, ಮನಿಯಾಗ ಯಾವ ಗುಳಿಗಿ ತಗೋತಿದ್ರು, ಚೀಟಿ ಐತೇನು’ ಅಂದೆ. ಆಕೆ ಮೊದಲು ಏನೂ ಇಲ್ಲ ಅಂದರು. ಆಮೇಲೆ? ಸೆರಗಿನ ಗಂಟು ಬಿಚ್ಚಿ ಹಾಳೆಯಲ್ಲಿ ಸುತ್ತಿದ ಮಾತ್ರೆ ತೆಗೆದುಕೊಟ್ಟರು. ಅದನ್ನು ನೋಡಿ ಯಾವ ಮಾತ್ರೆ ಎಂದು ಗುರುತು ಹಿಡಿದವರು ಯಾರು? ನಾನೇ. ರಾತ್ರಿ ಎಷ್ಟು ಹೊತ್ತಿಗೆ? ಎರಡೂವರೆಗೆ. ಡ್ಯೂಟಿಯಲ್ಲಿದ್ದ ಬೇರೆಯವರು ಇದನ್ನು ಕೇಳಿದ್ದರೇ? ಇಲ್ಲ.

ಅವಳು ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತಳು. ಖಾಲಿ ಕಾಲಮಿನಲ್ಲಿ ತನ್ನ ಕೈಯಾರೆ ಬರೆದಳು: ‘ನಾನು ಕೇಳಿದೆ. ಮಾತ್ರೆ ನೋಡಿದೆ. ಗುರುತು ಹಿಡಿದೆ.’ ನಂಬಿಕೆ ತೊಂಬತ್ತರಿಂದ ಅರವತ್ತಕ್ಕೆ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಇಳಿಯಬೇಕಾಗಿಯೂ ಇರಲಿಲ್ಲ. ಬೇರೆಯವರು ಸಾವಿರ ಸಲ ಹೇಳಿದರೂ ಒಳಗೆ ಹೋಗದ ಮಾತು, ಅವಳದೇ ಬಾಯಿಂದ, ನಡೆದ ಸಂಗತಿಯ ರೂಪದಲ್ಲಿ ಬಂದಾಗ ಒಳಗೆ ಹೋಯಿತು. ಇಂಥ ಹಾಳೆಗಳು ವಾರವಾರವೂ ಸೇರುತ್ತಾ ಹೋಗಬೇಕು. ಆಕ್ಸ್‌ಫರ್ಡಿನ ಮೆಲನಿ ಫೆನೆಲ್ ಆತ್ಮಗೌರವ ಕುಸಿದವರಿಗಾಗಿ ರೂಪಿಸಿದ ಚಿಕಿತ್ಸಾಕ್ರಮದಲ್ಲೂ ಇದಕ್ಕೆ ಮುಖ್ಯ ಜಾಗವಿದೆ. ದಿನದಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ, ತೋರಿಸಿದ ಗುಣ, ಎಷ್ಟೇ ಸಣ್ಣದಾಗಿರಲಿ, ಅದಕ್ಕೆ ‘ಆದರೆ’ ಸೇರಿಸದೆ ಬರೆದಿಡುವುದು. ಆ ‘ಆದರೆ’ಯನ್ನು ಬಿಡುವುದು ಹಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಬರೆಯುವುದಷ್ಟೇ ಸಾಲದು, ಮಾಡಿಯೂ ನೋಡಬೇಕು. ನಾಲ್ಕು ರಾತ್ರಿಯ ಓದು ಬಿಡದಿದ್ದರೆ, ಅದಿಲ್ಲದೆಯೂ ಬದುಕಬಹುದೇ ಎಂಬುದು ಎಂದಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಒಂದು ಸಣ್ಣ ಪ್ರಯೋಗ. ಮುಂದಿನ ಸೆಮಿನಾರಿಗೆ ಜೊತೆಯವರಷ್ಟೇ ಓದುವುದು. ಗೊತ್ತಿಲ್ಲದ ಪ್ರಶ್ನೆ ಬಂದರೆ ಸುತ್ತಿಬಳಸದೆ ‘ಗೊತ್ತಿಲ್ಲ ಸರ್, ನೋಡಿ ಹೇಳುತ್ತೇನೆ’ ಎನ್ನುವುದು. ಏನಾಗುತ್ತದೆ ಎಂದು ಮೊದಲೇ ಬರೆದಿಡಬೇಕು. ಅವಳು ಬರೆದದ್ದು: ‘ಸರ್ ಬೈತಾರ. ಎಲ್ಲಾರೂ ನಗ್ತಾರ. ಇಕಿ ಪಿ.ಜಿ.ಗೆ ಹ್ಯಾಂಗ ಬಂದಳು ಅಂತಾರ.’ ನಡೆದದ್ದು: ಸರ್ ‘ನಾಳೆ ನೋಡಿಕೊಂಡು ಬನ್ನಿ’ ಎಂದು ಮುಂದಿನ ಸ್ಲೈಡಿಗೆ ಹೋದರು. ಯಾರೂ ನಗಲಿಲ್ಲ. ಊಟದ ಹೊತ್ತಿಗೆ ಒಬ್ಬ ಜೂನಿಯರ್ ಬಂದು, ‘ಅಕ್ಕಾ, ಗೊತ್ತಿಲ್ಲ ಅಂತ ಹೇಳಬಹುದಾ? ನನಗೆ ಭಯ’ ಎಂದ.

ಒಂದು ಎಚ್ಚರಿಕೆ ಇಲ್ಲಿ ಬೇಕೇ ಬೇಕು. ಅನುಮಾನವನ್ನು ಪೂರಾ ಕಿತ್ತು ಹಾಕುವುದು ನಮ್ಮ ಉದ್ದೇಶವಲ್ಲ. ಔಷಧದ ಪ್ರಮಾಣವನ್ನು ಎರಡನೆಯ ಸಲ ನೋಡುವ ವೈದ್ಯೆ ರೋಗಿಯ ಜೀವ ಕಾಯುತ್ತಾಳೆ. ಅದೇ ಪ್ರಮಾಣವನ್ನು ಏಳನೆಯ ಸಲ ನೋಡುವವಳು ರೋಗಿಗಾಗಿ ನೋಡುತ್ತಿಲ್ಲ, ತನ್ನ ಭಯಕ್ಕಾಗಿ ನೋಡುತ್ತಿದ್ದಾಳೆ. ಅಷ್ಟು ಹೊತ್ತಿಗೆ ಪಕ್ಕದ ಹಾಸಿಗೆಯ ರೋಗಿ ಕಾಯುತ್ತಿರುತ್ತಾನೆ. ‘ಈ ರೋಗಿಗೆ ನಾನು ಕೊಟ್ಟದ್ದು ಸರಿಯೇ’ ಎಂಬ ಪ್ರಶ್ನೆ ಕೆಲಸದ ಬಗ್ಗೆ. ‘ಇಲ್ಲಿ ನಿಲ್ಲಲು ನಾನು ಯೋಗ್ಯಳೇ’ ಎಂಬ ಪ್ರಶ್ನೆ ತನ್ನ ಬಗ್ಗೆ. ಮೊದಲನೆಯದಕ್ಕೆ ಉತ್ತರ ಸಿಗುತ್ತದೆ, ಪುಸ್ತಕ ನೋಡಬಹುದು, ಹಿರಿಯರನ್ನು ಕೇಳಬಹುದು. ಎರಡನೆಯದು ಎಷ್ಟು ಉತ್ತರ ಕೊಟ್ಟರೂ ಮರುದಿನ ಹಾಗೇ ಎದ್ದು ಬರುತ್ತದೆ. ಥೆರಪಿ ಹಿಡಿಯುವುದು ಈ ಎರಡನೆಯದನ್ನು.

ಅದು ಎಲ್ಲಿಂದ ಬಂತು ಎಂದು ಹುಡುಕಿದರೆ ಬಹಳ ಸಲ ಮನೆಯ ಜಗಲಿಗೇ ಹೋಗಿ ನಿಲ್ಲುತ್ತೇವೆ. ಕ್ಲಾನ್ಸ್ ಮತ್ತು ಐಮ್ಸ್ ಎರಡು ಬಗೆಯ ಮನೆಗಳನ್ನು ಕಂಡಿದ್ದರು. ಒಂದರಲ್ಲಿ ಅಣ್ಣನೋ ಅಕ್ಕನೋ ‘ಬುದ್ಧಿವಂತ’ ಎಂದು ಮೊದಲೇ ತೀರ್ಮಾನವಾಗಿರುತ್ತದೆ, ಇನ್ನೊಂದು ಮಗುವಿಗೆ ‘ಒಳ್ಳೆಯ ಗುಣದವಳು’ ಎಂಬ ಹೆಸರು ಉಳಿಯುತ್ತದೆ. ಆ ಮಗು ಮುಂದೆ ಎಷ್ಟು ಅಂಕ ತಂದರೂ ಮನೆಯ ತೀರ್ಪು ಬದಲಾಗುವುದಿಲ್ಲ. ಇನ್ನೊಂದು ಮನೆಯಲ್ಲಿ ಮಗುವನ್ನು ಹೊಗಳಿ ಹೊಗಳಿ ಬೆಳೆಸಿರುತ್ತಾರೆ. ನಮ್ಮ ಹುಡುಗಿಯದು ಎರಡನೆಯ ಮನೆ. ಅವಳ ಅಪ್ಪ ಕಟ್ಟೆಯ ಮೇಲೆ ಕೂತವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರಂತೆ: ‘ನಮ್ಮ ಹುಡುಗಿ ಪುಸ್ತಕಾನೇ ಮುಟ್ಟೂದಿಲ್ಲ, ಆದ್ರೂ ಫಸ್ಟ್ ಬರ್ತಾಳ.’ ಆ ಅಪ್ಪನ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಆ ಮಾತನ್ನು ಕೇಳುತ್ತಾ ಬೆಳೆದ ಮಗು ಏನು ಕಲಿಯುತ್ತದೆ? ಜಾಣರು ಓದದೆಯೇ ಫಸ್ಟ್ ಬರುತ್ತಾರೆ ಎಂದು ಕಲಿಯುತ್ತದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಇಂಗ್ಲಿಷಿನಲ್ಲಿ ಎದುರಾದಾಗ, ಒಂದೊಂದು ಸಾಲಿಗೂ ನಿಘಂಟು ತೆಗೆಯಬೇಕಾದಾಗ, ಆ ಮಗುವಿಗೆ ತೋಚುವುದು ಒಂದೇ: ನಾನು ಜಾಣೆಯಲ್ಲ, ಅಪ್ಪ ಮೋಸ ಹೋಗಿದ್ದಾನೆ. ಅವತ್ತಿನಿಂದ ಅವಳು ಕದ್ದು ಓದತೊಡಗಿದಳು. ಕಷ್ಟಪಡುವುದೇ ಅವಳಿಗೆ ಅಪರಾಧದ ಸಾಕ್ಷಿಯಾಯಿತು. ತಂದೆತಾಯಿಗಳು, ಮೇಷ್ಟ್ರುಗಳು ಈ ಮಾತನ್ನು ಕೇಳುತ್ತಿದ್ದರೆ ಒಂದು ಬೇಡಿಕೆ ಇಡುತ್ತೇನೆ. ಮಗು ಒಂದು ಲೆಕ್ಕವನ್ನು ಮೂರು ಸಲ ತಪ್ಪು ಮಾಡಿ ನಾಲ್ಕನೆಯ ಸಲ ಬಿಡಿಸಿದ್ದನ್ನು ನೆಂಟರ ಮುಂದೆ ಹೇಳಿ. ‘ಓದದೇ ಬಂತು’ ಎಂಬುದನ್ನು ಹೇಳಬೇಡಿ.

ಸಿಬಿಟಿಯೊಂದೇ ದಾರಿಯಲ್ಲ. ತನ್ನನ್ನು ತಾನೇ ಹೀಯಾಳಿಸಿಕೊಳ್ಳುವ ದನಿ ತೀರಾ ಕಟುವಾಗಿರುವವರಿಗೆ ಇಂಗ್ಲೆಂಡಿನ ಪಾಲ್ ಗಿಲ್ಬರ್ಟ್ ರೂಪಿಸಿದ, ತನ್ನ ಮೇಲೆ ತಾನು ಕರುಣೆ ಬೆಳೆಸಿಕೊಳ್ಳುವ ಚಿಕಿತ್ಸೆ ಹೆಚ್ಚು ಒಗ್ಗುತ್ತದೆ. ಯೋಚನೆಯೊಂದಿಗೆ ವಾದಕ್ಕೆ ಇಳಿಯದೆ, ಅದು ಬಂದರೆ ಬರಲಿ ಎಂದು ಕೈಯಲ್ಲಿರುವ ಕೆಲಸ ಮುಂದುವರಿಸುವುದನ್ನು ಕಲಿಸುವ ಪದ್ಧತಿಯೂ ಇದೆ.

ಗುಂಪು ಚಿಕಿತ್ಸೆಯ ಬಗ್ಗೆ ಮಾತ್ರ ಒಂದೆರಡು ಮಾತು ಹೆಚ್ಚು ಹೇಳಬೇಕು. ಕ್ಲಾನ್ಸ್ ಮತ್ತು ಐಮ್ಸ್ ಮೊದಲಿನಿಂದಲೂ ಅದನ್ನೇ ಒತ್ತಿ ಹೇಳಿದ್ದರು, ನನಗೂ ಅದರಲ್ಲಿ ಬಹಳ ನಂಬಿಕೆ. ಏಳೆಂಟು ಜನ ಸುತ್ತ ಕೂರುತ್ತಾರೆ. ಒಬ್ಬಾಕೆ ತನ್ನ ಪ್ರಬಂಧಕ್ಕೆ ಬಂದ ಬಹುಮಾನವನ್ನು ‘ಸ್ಪರ್ಧೆಗೆ ಜನವೇ ಇರಲಿಲ್ಲ’ ಎಂದು ತಳ್ಳಿಹಾಕುತ್ತಾಳೆ. ಎದುರು ಕೂತವನಿಗೆ ಇದು ಎಷ್ಟು ಅಸಂಬದ್ಧ ಎಂದು ಕೂಡಲೇ ಕಾಣುತ್ತದೆ, ಅವನು ಅವಳ ಜೊತೆ ಜಗಳಕ್ಕೇ ನಿಲ್ಲುತ್ತಾನೆ. ಹತ್ತು ನಿಮಿಷ ಬಿಟ್ಟು ಅವನೇ ತನ್ನ ಬಡ್ತಿಯ ಬಗ್ಗೆ ‘ಬೇರೆ ಯಾರೂ ಸಿಗಲಿಲ್ಲ ಅಂತ ಕೊಟ್ಟರು’ ಎನ್ನುತ್ತಾನೆ. ಆಗ ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಈ ಭಯಕ್ಕೆ ಬೇಕಾದದ್ದು ಏಕಾಂತ. ತನ್ನೊಬ್ಬಳಿಗೇ ಹೀಗೆ ಎಂದುಕೊಂಡಿರುವವರೆಗೆ ಅದು ಬಲವಾಗಿರುತ್ತದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದ ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ನಮ್ಮ ಹುಡುಗಿ ಎಂ.ಬಿ.ಬಿ.ಎಸ್. ಸೇರಿದ್ದು ಹಾಗೆ. ಮೊದಲ ವರ್ಷದಲ್ಲೇ ಶವಛೇದನದ ಕೊಠಡಿಯಲ್ಲಿ ಒಬ್ಬ ಸಹಪಾಠಿ ‘ಓ, ಕೋಟಾನಾ’ ಎಂದಿದ್ದ. ಅವಳ ಉಚ್ಚಾರಣೆಯನ್ನು ಅಣಕಿಸಿ ತೋರಿಸಿದವರಿದ್ದರು. ಹೀಗಿರುವಾಗ ‘ನಿನಗೆ ಇಂಪೋಸ್ಟರ್ ಸಿಂಡ್ರೋಮ್ ಇದೆ, ಸರಿಮಾಡಿಕೋ’ ಎಂದರೆ ಅದು ನ್ಯಾಯವೇ? ಇಲ್ಲಿ ಅವಳ ತಲೆ ತಾನಾಗಿ ಅನುಮಾನ ಹುಟ್ಟಿಸಲಿಲ್ಲ. ನೀನು ಇಲ್ಲಿಯವಳಲ್ಲ ಎಂದು ಬೇರೆಯವರು ಬಾಯಿಬಿಟ್ಟು ಹೇಳಿದ್ದರು. 2021ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ರುಚಿಕಾ ತುಲ್ಶಿಯಾನ್ ಮತ್ತು ಜೋಡಿ ಆ್ಯನ್ ಬ್ಯೂರಿ ಇದನ್ನೇ ಎತ್ತಿದರು. ಹೆಂಗಸರನ್ನು, ಅದರಲ್ಲೂ ಕಪ್ಪು ಮತ್ತು ಕಂದು ಬಣ್ಣದವರನ್ನು ಹೊರಗಿನವರಂತೆ ನಡೆಸಿಕೊಳ್ಳುವ ಕಚೇರಿಗಳನ್ನು ಬಿಟ್ಟು, ನೊಂದವರನ್ನೇ ತಿದ್ದಲು ಹೊರಟಿದ್ದೇವೆ ಎಂದರು. ನಮ್ಮ ದೇಶದಲ್ಲಿ ಇದು ಹೊಸ ಸಂಗತಿಯೇನಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂದು ವಿಚಾರಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ ತಾರತಮ್ಯ ದಾಖಲಾಗಿದೆ.

ಆದ್ದರಿಂದ ಒಳ್ಳೆಯ ಥೆರಪಿಸ್ಟ್ ಎರಡನ್ನೂ ಬೇರೆ ಬೇರೆ ಇಡುತ್ತಾರೆ. ಯಾವುದು ನಿನ್ನ ಯೋಚನೆ, ಯಾವುದು ನಿನಗೆ ನಿಜವಾಗಿ ಆದ ಅವಮಾನ? ಅವಮಾನವನ್ನು ಯೋಚನೆಯ ತಪ್ಪು ಎಂದು ತಿದ್ದಲು ಹೋಗುವುದು ಎರಡನೆಯ ಅವಮಾನ. ಕೆಲವೊಮ್ಮೆ ಆ ವಾರದ ಕೆಲಸ ಹಾಳೆಯಲ್ಲಿ ಬರೆಯುವುದಲ್ಲ, ದೂರು ಹೇಗೆ ಕೊಡಬೇಕು, ಯಾವ ಹಿರಿಯರು ಜೊತೆಗೆ ನಿಲ್ಲುತ್ತಾರೆ ಎಂದು ಕೂತು ಯೋಚಿಸುವುದಾಗಿರುತ್ತದೆ. ಸೀಟಿನ ಬಗ್ಗೆಯೂ ನೇರವಾಗಿ ಮಾತಾಡಬೇಕು. ಆ ಮೀಸಲಾತಿ ಅವಳಿಗೆ ಬಾಗಿಲು ತೆರೆಯಿತು, ನಿಜ. ಒಳಗೆ ಬಂದ ಮೇಲೆ ಅನಾಟಮಿಯಿಂದ ಹಿಡಿದು ಕೊನೆಯ ವರ್ಷದ ಮೆಡಿಸಿನ್ ವೈವಾವರೆಗೆ ಎಲ್ಲರಿಗೂ ಇದ್ದ ಪರೀಕ್ಷೆಗಳನ್ನೇ ಅವಳೂ ಎದುರಿಸಿದಳು. ಪಾಸಿನ ಅಂಕವೂ ಎಲ್ಲರಿಗೂ ಒಂದೇ. ಇದನ್ನು ಅವಳು ತಾನೇ ಎಣಿಸಿ ಹೇಳುವ ದಿನ ಬಂದಾಗ ದನಿಯೇ ಬೇರೆಯಾಗಿತ್ತು.

ಥೆರಪಿ ಎಂದರೆ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಈ ವಿಷಯದ 62 ಅಧ್ಯಯನಗಳನ್ನು, 14,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಈ ಭಾವನೆ ಎಷ್ಟು ಜನರಲ್ಲಿದೆ ಎಂಬುದಕ್ಕೆ ಸಿಕ್ಕ ಉತ್ತರ, ಅಳೆಯುವ ಬಗೆಯ ಮೇಲೆ ಶೇ. 9ರಿಂದ ಶೇ. 82ರವರೆಗೆ. ಈ ಭಾವನೆಗೇ ಮೀಸಲಾದ ಚಿಕಿತ್ಸೆಯ ಫಲವನ್ನು ಅಳೆದ ಒಂದೇ ಒಂದು ಅಧ್ಯಯನವೂ ಸಮೀಕ್ಷೆ ಮಾಡಿದವರಿಗೆ ಸಿಗಲಿಲ್ಲ. ಆದರೆ ಇದರ ಬೆನ್ನಿಗೆ ಬರುವ ಆತಂಕ, ಖಿನ್ನತೆಗಳಿಗೆ ಸಿಬಿಟಿ ನೆರವಾಗುತ್ತದೆ ಎಂಬುದು ದಶಕಗಳಿಂದ ಮತ್ತೆ ಮತ್ತೆ ಪರೀಕ್ಷಿಸಿ ಕಂಡ ಮಾತು. ಮೊಬೈಲಿನಲ್ಲಿ ಕಾಣುವ ‘ಐದು ನಿಮಿಷದಲ್ಲಿ ಆತ್ಮವಿಶ್ವಾಸ’ದ ಪಾಠಗಳಿಗಿಂತ ಇದು ನಿಧಾನ. ವಾರಕ್ಕೊಮ್ಮೆ, 45ರಿಂದ 50 ನಿಮಿಷ, ಕೆಲವು ತಿಂಗಳು. ನಡುವೆ ಮನೆಯಲ್ಲಿ ಮಾಡಬೇಕಾದ ಕೆಲಸ. ಬಹಳ ಜನ ಮೂರನೆಯ ವಾರದಲ್ಲಿ ಬಿಡಬೇಕು ಎನ್ನುತ್ತಾರೆ, ಯಾಕೆಂದರೆ ಮುಚ್ಚಿಟ್ಟದ್ದನ್ನು ತೆರೆದಾಗ ಮೊದಲಿಗೆ ನೋವು ಹೆಚ್ಚಾಗುತ್ತದೆ. ಹಾಗೆನಿಸಿದರೆ ಅದನ್ನೂ ಥೆರಪಿಸ್ಟ್ ಮುಂದೆಯೇ ಹೇಳಿ.

ಇದೆಲ್ಲ ಪರದೇಶದ ವಿದ್ಯೆ, ನಮಗೆ ಇದು ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಈ ಕ್ಷಣ ನೀವು ಕೇಳುತ್ತಿರುವ ಆಕಾಶವಾಣಿಯ ಹುಟ್ಟನ್ನೇ ನೋಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣದೊಂದು ಯಂತ್ರವಿಟ್ಟು ಈ ಹೆಸರಿನ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ಕೊರವಂಜಿ’ ಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ ಮನಸ್ಸಿನ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಆರೈಕೆ ಕೊಡಬಹುದು ಎಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಹೋಗಬೇಕು ಎನಿಸಿದರೆ ಎಲ್ಲಿಗೆ? ಜಿಲ್ಲಾಸ್ಪತ್ರೆಯ, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು. ಖಾಸಗಿಯಾಗಿ ಹೋಗುವುದಾದರೆ ಓದು ಏನು, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಮಾತು ಗುಟ್ಟಾಗಿರಬೇಕು ಎಂಬುದು ಅವರ ಔದಾರ್ಯವಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಮಗೆ ಕೊಟ್ಟ ಹಕ್ಕು. ಹೋಗಲು ಆಗದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ ಕೆಲಸ ಮಾಡುತ್ತದೆ, ದುಡ್ಡು ಇಲ್ಲ, ಕನ್ನಡದಲ್ಲಿ ಮಾತಾಡಬಹುದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕು ಸಾಕು ಎನಿಸುತ್ತಿದೆ ಎನ್ನುವವರು ನಾಳೆಗೆ ಕಾಯದೆ ಇವತ್ತೇ ಕರೆ ಮಾಡಿ. ಆ ಹಂತದಲ್ಲಿ ಇದು ಬರೀ ಅನುಮಾನವಾಗಿ ಉಳಿದಿರುವುದಿಲ್ಲ, ವೈದ್ಯರು ನೋಡಲೇಬೇಕು.

ಮೊದಲ ದಿನ ಹೋಗಿ ಏನು ಹೇಳುವುದು ಎಂಬುದೇ ಹಲವರ ತೊಡಕು. ನನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ, ಇಷ್ಟಕ್ಕೆಲ್ಲ ಅವರ ಸಮಯ ಹಾಳುಮಾಡಲೇ ಎಂದು ಬಾಗಿಲವರೆಗೆ ಬಂದು ತಿರುಗಿ ಹೋದವರಿದ್ದಾರೆ. ಥೆರಪಿಗೂ ತಾನು ಅರ್ಹಳಲ್ಲ ಎನ್ನುವುದು ಅದೇ ಅನುಮಾನದ ಮಾತು. ನೀವು ಇಂಪೋಸ್ಟರ್ ಸಿಂಡ್ರೋಮ್ ಎಂಬ ಹೆಸರನ್ನು ಹೇಳಬೇಕಿಲ್ಲ, ಪೂರ್ತಿ ಕಥೆಯನ್ನೂ ಹೇಳಬೇಕಿಲ್ಲ. ‘ಕೆಲಸ ಚೆನ್ನಾಗಿಯೇ ನಡೆಯುತ್ತಿದೆ, ಆದರೂ ಸಿಕ್ಕಿಬೀಳುತ್ತೇನೆ ಅಂತ ಭಯವಾಗುತ್ತದೆ’ ಎಂದಷ್ಟೇ ಹೇಳಿ. ಎದುರಿಗೆ ಕೂತವರು ಈ ಮಾತನ್ನು ಹಿಂದೆಯೂ ಕೇಳಿರುತ್ತಾರೆ. ಮುಂದಿನದನ್ನು ಅವರೇ ಕೇಳುತ್ತಾರೆ.